ಅರಗು ಅಂಟುವುದೇಕೆ, ಬಂಡೆ ನಿಲ್ಲುವುದೇಕೆ?

ಶ್ರೀರಂಗಪಟ್ಟಣ ಬಿದ್ದು ಒಂದು ವರ್ಷವಾಗಿತ್ತು. 1800ರ ಮೇ ತಿಂಗಳಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಬೆಂಗಳೂರಿನಿಂದ ಶ್ರೀರಂಗಪಟ್ಟಣದ ಹಾದಿ ಹಿಡಿದ. ಟಿಪ್ಪುವಿನಿಂದ ಗೆದ್ದ ಸೀಮೆಯಲ್ಲಿ ಏನೇನು ಬೆಳೆಯುತ್ತದೆ, ಏನೇನು ತಯಾರಾಗುತ್ತದೆ ಎಂದು ನೋಡಿ ವರದಿ ಮಾಡುವಂತೆ ಗವರ್ನರ್ ಜನರಲ್ ವೆಲ್ಲೆಸ್ಲಿ ಅವನನ್ನು ಕಳುಹಿಸಿದ್ದ. ರಾಮಗಿರಿಯ ಬಂಡೆಗಳನ್ನು ದಾಟಿ ಚನ್ನಪಟ್ಟಣಕ್ಕೆ ಬಂದಾಗ ಅವನ ಕಣ್ಣಿಗೆ ಬಿದ್ದದ್ದು ಗಾಜಿನ ಬಳೆ ಮಾಡುವವರು, ತಂತಿವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುವ ಒಂದು ಕುಟುಂಬ, ಬಹು ನಯವಾದ ಬಿಳಿ ಸಕ್ಕರೆ ತಯಾರಿಸುವ ಮತ್ತೊಂದು ಕುಟುಂಬ. ಇಲ್ಲಿನ ತಂತಿಗೆ ದೂರದೂರದ ಊರುಗಳಿಂದ ಬೇಡಿಕೆಯಿತ್ತು. 1807ರಲ್ಲಿ ಅಚ್ಚಾದ ಪ್ರವಾಸ ಕಥನದಲ್ಲಿ ಆತ ಇದನ್ನೆಲ್ಲ ಬರೆದಿದ್ದಾನೆ. ಹತ್ತೊಂಬತ್ತನೆಯ ಶತಮಾನ ಮುಗಿಯುವ ವೇಳೆಗೆ ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನಂಥ ಗ್ರಂಥಗಳಲ್ಲಿ ಚನ್ನಪಟ್ಟಣದ ಹೆಸರಿನೊಂದಿಗೆ ತಂತಿ ಮತ್ತು ಬಳೆಯ ಜೊತೆಗೆ ಅರಗಿನ ಸಾಮಾನು ಮತ್ತು ಗೊಂಬೆಗಳೂ ಸೇರಿಕೊಂಡಿದ್ದವು.

ಬಳೆ, ತಂತಿ, ಸಕ್ಕರೆ, ಅರಗಿನ ಗೊಂಬೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲದ ಪಟ್ಟಿಯಂತೆ ಇದು ಕಾಣುತ್ತದೆ. ಆದರೆ ಇವುಗಳನ್ನು ಹೇಗೆ ಮಾಡುತ್ತಾರೆಂದು ಕೇಳಿದರೆ ಸಂಬಂಧ ಬಯಲಾಗುತ್ತದೆ. ಗಾಜನ್ನು ಕಾಯಿಸಿ ಮೆದುವಾದಾಗ ಬಳೆಯಾಗಿ ಸುತ್ತಬೇಕು. ಉಕ್ಕನ್ನು ಕಾಯಿಸಿ ಮೆದುಮಾಡಿಕೊಂಡು ಸಣ್ಣ ರಂಧ್ರಗಳಲ್ಲಿ ಎಳೆಯಬೇಕು. ಪಾಕ ಯಾವಾಗ ಹರಳಾಗುತ್ತದೆಂಬುದು ಸಕ್ಕರೆಯವನಿಗೆ ಗೊತ್ತಿರಬೇಕು. ಅರಗು ಕರಗುವ ಗಳಿಗೆಯನ್ನು ಗೊಂಬೆಯವನು ಹಿಡಿಯಬೇಕು. ಗಟ್ಟಿ ಪದಾರ್ಥ ಮೆದುವಾಗುವ, ಮೆದುವಾದದ್ದು ಮತ್ತೆ ಗಟ್ಟಿಯಾಗುವ ಆ ಸಣ್ಣ ಅಂತರದಲ್ಲೇ ಇವರೆಲ್ಲರ ಹೊಟ್ಟೆಪಾಡು ಇತ್ತು. ನಮ್ಮ ಅಡುಗೆಮನೆಯ ‘ಒಂದೆಳೆ ಪಾಕ’ವೂ ಇದೇ ವಿದ್ಯೆಯೇ. ಬೆರಳುಗಳ ನಡುವೆ ಎಳೆ ನಿಲ್ಲುತ್ತದೆಯೋ ಇಲ್ಲವೋ ಎಂದು ಅಜ್ಜಿ ನೋಡುವಾಗ ಅವರು ಪರೀಕ್ಷಿಸುತ್ತಿದ್ದುದು ಅಣುಗಳು ಒಂದನ್ನೊಂದು ಎಷ್ಟು ಬಿಗಿಯಾಗಿ ಹಿಡಿದುಕೊಂಡಿವೆ ಎಂಬುದನ್ನು.

ಘನ, ದ್ರವ, ಅನಿಲ ಎಂಬ ಮೂರು ಸ್ಥಿತಿಗಳನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಈ ಮೂರೂ ಬೇರೆಬೇರೆ ಜಾತಿಯ ವಸ್ತುಗಳಲ್ಲ ಎಂಬುದನ್ನು ಗಣಿತದ ಮೂಲಕ ತೋರಿಸಲು ಹೊರಟವರು ಹಾಲೆಂಡಿನ ಯೋಹಾನೆಸ್ ಡಿಡೆರಿಕ್ ವಾನ್ ಡೆರ್ ವಾಲ್ಸ್. ಲೈಡನ್ ಪಟ್ಟಣದ ಬಡಗಿಯೊಬ್ಬನ ಮಗ. ಶಾಲಾ ಮಾಸ್ತರಿಕೆ ಮಾಡಿಕೊಂಡೇ ಓದಿದವರು. 1873ರಲ್ಲಿ ಸಲ್ಲಿಸಿದ ಪ್ರಬಂಧದಲ್ಲಿ ಅವರು ಹೇಳಿದ್ದಿಷ್ಟು: ಅಣುಗಳಿಗೂ ಒಂದಿಷ್ಟು ಗಾತ್ರವಿದೆ, ಅವು ಒಂದನ್ನೊಂದು ಸೆಳೆಯುತ್ತವೆ, ಇವೆರಡನ್ನು ಲೆಕ್ಕಕ್ಕೆ ತಂದರೆ ಅನಿಲವನ್ನೂ ದ್ರವವನ್ನೂ ಒಂದೇ ಸಮೀಕರಣದಲ್ಲಿ ಹಿಡಿಯಬಹುದು. ಅಣುಗಳೆಂಬುವು ನಿಜವಾಗಿ ಇವೆಯೇ ಎಂದು ದೊಡ್ಡ ವಿಜ್ಞಾನಿಗಳೇ ಸಂಶಯಪಡುತ್ತಿದ್ದ ಕಾಲ ಅದು. 1910ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಆ ಸೆಳೆತ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಸಮರ್ಪಕ ವಿವರಣೆ ಸಿಗಲು 1930ರವರೆಗೆ ಕಾಯಬೇಕಾಯಿತು. ಅಣುವಿನೊಳಗಿನ ಎಲೆಕ್ಟ್ರಾನುಗಳು ಸದಾ ಅಲುಗಾಡುತ್ತ, ಕ್ಷಣಕ್ಷಣಕ್ಕೂ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆಯಾಗುತ್ತಿರುತ್ತವೆ. ಇದರಿಂದ ಪಕ್ಕದ ಅಣುವಿನಲ್ಲೂ ಅಂಥದೇ ಏರುಪೇರು ಉಂಟಾಗಿ ಎರಡೂ ಪರಸ್ಪರ ಸೆಳೆಯುತ್ತವೆ ಎಂದು ಫ್ರಿಟ್ಸ್ ಲಂಡನ್ ಎಂಬ ಜರ್ಮನ್ ಭೌತವಿಜ್ಞಾನಿ ತೋರಿಸಿದರು.

ಈ ಸೆಳೆತದ ಒಂದು ಗುಣವನ್ನು ನೆನಪಿಟ್ಟುಕೊಳ್ಳಬೇಕು. ಅದು ತೀರಾ ಹತ್ತಿರದ ನೆಂಟಸ್ತಿಕೆ. ಅಣುಗಳ ನಡುವಿನ ದೂರ ಎರಡರಷ್ಟಾದರೆ ಸೆಳೆತದ ಶಕ್ತಿ ಅರವತ್ತನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಚನ್ನಪಟ್ಟಣದ ಗೊಂಬೆಗೆ ಬಣ್ಣ ಹಿಡಿಯುವ ಗುಟ್ಟು ಇಲ್ಲಿಯೇ ಇದೆ.

ಒಂದು ಕಡೆ ಈ ಸೆಳೆತ, ಇನ್ನೊಂದು ಕಡೆ ಬಿಸಿಯಿಂದಾಗುವ ಕುಣಿತ. ಕುಣಿತ ಗೆದ್ದರೆ ಅನಿಲ, ಸೆಳೆತ ಗೆದ್ದರೆ ಘನ, ಎರಡೂ ಸರಿಸುಮಾರು ಸಮವಾಗಿದ್ದರೆ ದ್ರವ. ಘನಗಳಲ್ಲಿ ಮತ್ತೆ ಎರಡು ಬಗೆ. ಮದುವೆ ಮನೆಯ ಊಟದ ಪಂಕ್ತಿಯಂತೆ ಅಣುಗಳು ಸಾಲಾಗಿ ಕುಳಿತಿದ್ದರೆ ಅದು ಹರಳು, ಅಂದರೆ ಸ್ಫಟಿಕ. ಸಕ್ಕರೆ ಮತ್ತು ಮಂಜುಗಡ್ಡೆ ಈ ಬಗೆಯವು. ಪಂಕ್ತಿ ಎದ್ದರೆ ಎಲ್ಲರೂ ಒಟ್ಟಿಗೆ ಏಳುತ್ತಾರೆ. ಆದ್ದರಿಂದಲೇ ಮಂಜುಗಡ್ಡೆ ಕರಗುವುದು ಸರಿಯಾಗಿ ಸೊನ್ನೆ ಡಿಗ್ರಿಯಲ್ಲಿ. ಇನ್ನೊಂದು ಬಗೆ ಸಂಜೆ ಹೊತ್ತಿನ ಬಸ್ಸಿನಂಥದು. ಸಾಲೂ ಇಲ್ಲ, ಕ್ರಮವೂ ಇಲ್ಲ, ಆದರೂ ಯಾರೂ ಅಲುಗಾಡುವಂತಿಲ್ಲ. ಗಾಜು ಹೀಗೆ, ಅರಗೂ ಹೀಗೆ. ಬಸ್ಸು ಖಾಲಿಯಾಗುವುದು ಒಂದೊಂದೇ ನಿಲ್ದಾಣದಲ್ಲಿ. ಇಂಥ ಪದಾರ್ಥಕ್ಕೆ ‘ಇದೇ ಡಿಗ್ರಿಯಲ್ಲಿ ಕರಗುತ್ತದೆ’ ಎಂಬ ಒಂದೇ ಗುರುತು ಇರುವುದಿಲ್ಲ. ಅದು ಮೊದಲು ಬೆಚ್ಚಗಾಗಿ, ಆಮೇಲೆ ಮೆತ್ತಗಾಗಿ, ಕಡೆಗೆ ಹರಿಯುತ್ತದೆ. ಕುಶಲಕರ್ಮಿಗೆ ಬೇಕಾದದ್ದು ಈ ನಡುವಣ ಅವಕಾಶವೇ.

ಅರಗು ನಮ್ಮವರಿಗೆ ಮಹಾಭಾರತದಿಂದ ಪರಿಚಿತ. ಪಾಂಡವರನ್ನು ಸುಡಲು ಕೌರವರು ಕಟ್ಟಿಸಿದ್ದು ಅರಗಿನ ಮನೆ. ಹಳೆಯ ಅಂಚೆ ಕಚೇರಿಯ ಮುದ್ರೆ, ಅಕ್ಕಸಾಲಿಗರು ಒಡವೆಯೊಳಗೆ ತುಂಬುವ ಮೇಣದಂಥ ಪದಾರ್ಥ, ಬಡಗಿಗಳು ಸ್ಪಿರಿಟ್ಟಿನಲ್ಲಿ ಕರಗಿಸಿ ಬೀರುವಿಗೆ ಹಚ್ಚುವ ಪಾಲಿಶ್ ಎಲ್ಲವೂ ಇದರಿಂದಲೇ. ಪ್ಲಾಸ್ಟಿಕ್ ತಟ್ಟೆಗಳು ಬರುವ ಮೊದಲು ಗ್ರಾಮೊಫೋನ್ ತಟ್ಟೆಗಳೂ ಅರಗಿನವೇ ಆಗಿದ್ದವು. ಮುತ್ತುಗ, ಬೋರೆ ಮುಂತಾದ ಮರಗಳ ಎಳೆ ಕೊಂಬೆಗೆ ಕಚ್ಚಿಕೊಂಡು ರಸ ಹೀರುವ ಒಂದು ಪುಟ್ಟ ಕೀಟ ತನ್ನ ರಕ್ಷಣೆಗೆ ಮೈಮೇಲೆ ಸ್ರವಿಸುವ ಕವಚವಿದು. ಇದರ ದೊಡ್ಡ ಸೀಮೆ ಇರುವುದು ನಮ್ಮಲ್ಲಲ್ಲ, ಜಾರ್ಖಂಡ್ ಮತ್ತು ಛತ್ತೀಸ್‌ಗಢದ ಕಾಡುಗಳಲ್ಲಿ. ರಾಂಚಿ ಬಳಿಯ ನಾಮ್‌ಕುಮ್‌ನಲ್ಲಿ 1924ರಲ್ಲಿ ಅರಗಿಗೆಂದೇ ಒಂದು ಸಂಶೋಧನಾ ಸಂಸ್ಥೆ ಹುಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ 1920ರ ದಶಕದಲ್ಲಿ ಎಂ. ಶ್ರೀನಿವಾಸಯ್ಯ ಅವರು ಈ ಕೀಟದ ಬೆನ್ನು ಹತ್ತಿದ್ದರು. ಚನ್ನಪಟ್ಟಣದಿಂದ ಅರವತ್ತು ಕಿಲೋಮೀಟರ್ ದೂರದಲ್ಲಿ ನಡೆದ ಆ ಕೆಲಸ ಇಂದು ಎಷ್ಟು ಜನರಿಗೆ ನೆನಪಿದೆಯೋ!

ಚನ್ನಪಟ್ಟಣಕ್ಕೆ ಈ ಕಲೆ ಬಂದದ್ದು ಹೇಗೆ? ಟಿಪ್ಪು ಪರ್ಷಿಯಾದಿಂದ ಕುಶಲಿಗಳನ್ನು ಕರೆಸಿದನೆಂಬುದು ಊರಿನಲ್ಲಿ ಎಲ್ಲರೂ ಹೇಳುವ ಮಾತು. ಆಮೇಲೆ ಜಪಾನಿನ ರೀತಿಯನ್ನು ತಂದುಕೊಟ್ಟವರೆಂದು ಬಾವಾಸ್ ಮಿಯಾ ಅವರನ್ನು ಇಲ್ಲಿನವರು ಗೌರವದಿಂದ ನೆನೆಯುತ್ತಾರೆ. ಮೂಲ ಯಾವುದೇ ಇರಲಿ, ಮರ ಮಾತ್ರ ಈ ನೆಲದ್ದು. ಆಲೆ ಮರ ಬೆಳ್ಳಗೆ, ನುಣುಪಾಗಿ, ಎಳೆಗಳು ಕಾಣದಷ್ಟು ಒತ್ತಾಗಿರುತ್ತದೆ. ಕಡಿದ ಮರವನ್ನು ತಿಂಗಳುಗಟ್ಟಲೆ ಒಣಗಿಸಿ ಲೇತಿಗೆ ಸಿಕ್ಕಿಸುತ್ತಾರೆ. ಹಿಂದೆ ಹಗ್ಗ ಸುತ್ತಿದ ಬಿಲ್ಲನ್ನು ಹಿಂದಕ್ಕೂ ಮುಂದಕ್ಕೂ ಎಳೆದು ತಿರುಗಿಸುತ್ತಿದ್ದರು. ಈಗ ಬಹುಪಾಲು ವಿದ್ಯುತ್ ಮೋಟಾರು. ಉಳಿಯಿಂದ ಆಕಾರ ಬಂದ ಮೇಲೆ ಅರಗಿನ ಕಡ್ಡಿಯ ಸರದಿ. ಅರಗನ್ನು ಕಾಯಿಸಿ, ಅರಿಸಿನ, ನೀಲಿಯಂಥ ಬಣ್ಣ ಸೇರಿಸಿ, ಹಿಟ್ಟಿನಂತೆ ನಾದಿ ಕಡ್ಡಿ ಮಾಡಿಟ್ಟಿರುತ್ತಾರೆ. ತಿರುಗುತ್ತಿರುವ ಮರಕ್ಕೆ ಆ ಕಡ್ಡಿಯನ್ನು ಒತ್ತಿದರೆ ಸಾಕು, ನೋಡನೋಡುತ್ತಿದ್ದಂತೆ ಮರ ಬಣ್ಣ ಉಟ್ಟುಕೊಳ್ಳುತ್ತದೆ. ಕೊನೆಯಲ್ಲಿ ತಾಳೆಗರಿಯನ್ನು ಒತ್ತಿ ಹಿಡಿದರೆ ಕನ್ನಡಿಯಂಥ ಹೊಳಪು.

ಕುಂಚವಿಲ್ಲ, ಡಬ್ಬಿಯಿಲ್ಲ, ಒಲೆಯೂ ಇಲ್ಲ. ಹಾಗಾದರೆ ಕರಗಿಸಿದ್ದು ಯಾರು? ಉಜ್ಜಾಟದ ಬಿಸಿ. ಅರಗು ಸುಮಾರು 65ರಿಂದ 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗುತ್ತದೆ, 75–85ರ ಆಸುಪಾಸಿನಲ್ಲಿ ಹರಿಯುತ್ತದೆ. ಕೈ ಸುಡುವ ಕಾಫಿಯ ಬಿಸಿಗಿಂತ ಬಹಳ ಹೆಚ್ಚೇನಲ್ಲ. ಮರವೂ ಅರಗೂ ಬಿಸಿಯನ್ನು ಸುಲಭವಾಗಿ ಒಳಗೆ ಬಿಟ್ಟುಕೊಡದ ಪದಾರ್ಥಗಳು. ಹಾಗಾಗಿ ಹುಟ್ಟಿದ ಶಾಖ ಎಲ್ಲಿಗೂ ಓಡದೆ ಎರಡೂ ತಾಗುವ ಜಾಗದಲ್ಲೇ ಉಳಿದು, ಕಡ್ಡಿಯ ತುದಿಯ ತೆಳು ಪದರವನ್ನಷ್ಟೇ ಕರಗಿಸುತ್ತದೆ. ಮರದ ಬದಲು ಹಿತ್ತಾಳೆಯ ತುಂಡು ಸಿಕ್ಕಿಸಿ ಹೀಗೆಯೇ ಒತ್ತಿದರೆ ಲೋಹ ಆ ಶಾಖವನ್ನು ಬೇಗ ಹೀರಿ ಹಂಚಿಬಿಡುತ್ತದೆ, ಬಣ್ಣ ಹಿಡಿಯುವುದು ಕಷ್ಟ.

ಕರಗಲೇಬೇಕೇಕೆ, ಒಣ ಅರಗನ್ನೇ ಮರಕ್ಕೆ ಒತ್ತಿಟ್ಟರೆ ಅಂಟಬಾರದೇ? ಇಲ್ಲಿ ವಾನ್ ಡೆರ್ ವಾಲ್ಸ್ ನೆರವಿಗೆ ಬರುತ್ತಾರೆ. ನಮ್ಮ ಕಣ್ಣಿಗೆ ನುಣುಪಾಗಿ ಕಾಣುವ ಮರವೂ ಅಣುಗಳ ಲೆಕ್ಕದಲ್ಲಿ ನೋಡಿದರೆ ಬೆಟ್ಟಕಣಿವೆಗಳ ಸೀಮೆ. ಎರಡು ಗಟ್ಟಿ ವಸ್ತುಗಳನ್ನು ಒತ್ತಿದರೆ ತಾಗುವುದು ಅಲ್ಲೊಂದು ಶಿಖರ, ಇಲ್ಲೊಂದು ಶಿಖರ ಮಾತ್ರ. ಉಳಿದೆಡೆ ಅಂತರವಿರುತ್ತದೆ, ಅಂತರ ಇದ್ದಲ್ಲಿ ಸೆಳೆತ ಇಲ್ಲದಂತೆಯೇ. ದ್ರವವಾದ ಅರಗು ಆ ಕಣಿವೆಗಳಿಗೆಲ್ಲ ಇಳಿದು ಮರದ ಅಣುಗಳ ಮಗ್ಗುಲಿಗೆ ಹೋಗಿ ಕೂರುತ್ತದೆ. ಅಷ್ಟು ಹತ್ತಿರ ಬಂದ ಮೇಲೆ ಸಾಧಾರಣ ಸೆಳೆತದ ಜೊತೆಗೆ ಹೈಡ್ರೋಜನ್ ಬಂಧ ಎಂಬ ಇನ್ನಷ್ಟು ಬಲವಾದ ಹಿಡಿತವೂ ಕೂಡಿಕೊಳ್ಳುತ್ತದೆ. ಅಣುವೊಂದರ ಹೈಡ್ರೋಜನ್ ತುದಿ ಪಕ್ಕದ ಅಣುವಿನ ಆಮ್ಲಜನಕದತ್ತ ವಾಲುವುದೇ ಈ ಬಂಧ. ಮರದ ಸೆಲ್ಯುಲೋಸಿನಲ್ಲೂ ಅರಗಿನಲ್ಲೂ ಇಂಥ ತುದಿಗಳು ಹೇರಳ. ತಣಿದ ಮೇಲೆ ಅರಗು ಅಲ್ಲೇ ಗಟ್ಟಿಯಾಗುತ್ತದೆ. ಬೇರು ಬಿಟ್ಟ ಗಿಡದಂತೆ ಮತ್ತೆ ಕೀಳಲಾಗದು.

ಅರಗಿನ ಇನ್ನೊಂದು ಸ್ವಭಾವವನ್ನು ಇಲ್ಲಿನವರು ಯಾವ ಪುಸ್ತಕವನ್ನೂ ಓದದೆ ಬಲ್ಲರು. ಅದನ್ನು ಹದವಾಗಿ ಕಾಯಿಸಿದರೆ ಎಷ್ಟು ಸಲ ಬೇಕಾದರೂ ಕರಗಿ ಗಟ್ಟಿಯಾಗುತ್ತದೆ. ಅತಿಯಾಗಿ, ಹೆಚ್ಚು ಹೊತ್ತು ಕಾಯಿಸಿದರೆ ಮಾತ್ರ ಕೆಡುತ್ತದೆ. ಅಲ್ಲಿಯವರೆಗೆ ಬರಿಯ ನೆರೆಹೊರೆಯವರಾಗಿದ್ದ ಅಣುಗಳು ಆಗ ರಾಸಾಯನಿಕ ಬಂಧದಿಂದ ಒಂದಕ್ಕೊಂದು ಬೆಸೆದುಕೊಂಡು ಬಲೆಯಂತಾಗುತ್ತವೆ. ಆ ಅರಗು ಮತ್ತೆ ಕರಗುವುದಿಲ್ಲ. ಕೆಂಡದ ಮುಂದೆ ಕುಳಿತು ಅರಗು ನಾದುವವರು ಕಡ್ಡಿಯನ್ನು ಬಿಸಿಗೆ ಹಿಡಿದು ಮತ್ತೆ ಹಿಂದಕ್ಕೆಳೆಯುತ್ತಿರುವುದು ಇದಕ್ಕಾಗಿಯೇ.

ಚನ್ನಪಟ್ಟಣದಿಂದ ಬೆಂಗಳೂರಿನತ್ತ ಹನ್ನೆರಡು ಕಿಲೋಮೀಟರ್ ಹಿಂದಕ್ಕೆ ಬಂದರೆ ರಾಮನಗರ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರೇಷ್ಮೆಗೂಡಿನ ಮಾರುಕಟ್ಟೆ ಇರುವ ಊರು. ಅರಗಿನದು ಬರಿಯ ಬಿಸಿಯ ಆಟವಾದರೆ ಇಲ್ಲಿನದು ಬಿಸಿ ಮತ್ತು ನೀರು ಎರಡರದೂ.

ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟಾಗ ಅದರ ಹೊಟ್ಟೆಯಲ್ಲಿರುವುದು ನೂಲಲ್ಲ, ಅಂಟಾದ ಗಂಜಿ. ಅದರಲ್ಲಿ ಮುಕ್ಕಾಲು ಪಾಲಿನಷ್ಟು ನೀರು. ಹುಳು ಅದನ್ನು ಪಿಚಕಾರಿಯಂತೆ ಚಿಮ್ಮಿಸುವುದಿಲ್ಲ. ಒಂದು ತುದಿಯನ್ನು ಎಲ್ಲಿಗಾದರೂ ಅಂಟಿಸಿ, ತಲೆಯನ್ನು ಇಂಗ್ಲಿಷಿನ ಎಂಟರ ಆಕಾರದಲ್ಲಿ ಆಡಿಸುತ್ತ ಎಳೆಯುತ್ತದೆ. ಆ ಎಳೆತದಲ್ಲಿ ಸಿಕ್ಕುಸಿಕ್ಕಾಗಿದ್ದ ಉದ್ದನೆಯ ಪ್ರೋಟೀನ್ ಅಣುಗಳು ಒಂದೇ ದಿಕ್ಕಿಗೆ ತಿರುಗಿ, ಅಕ್ಕಪಕ್ಕ ಸಾಲಾಗಿ, ನಡುವೆ ಅಸಂಖ್ಯಾತ ಹೈಡ್ರೋಜನ್ ಬಂಧಗಳನ್ನು ಹೆಣೆದುಕೊಳ್ಳುತ್ತವೆ. ದ್ರವ ಘನವಾಯಿತು. ಒಲೆ ಬೇಕಿಲ್ಲ, ತಣ್ಣಗಾಗಿಸುವುದೂ ಬೇಕಿಲ್ಲ. ಮನುಷ್ಯ ನೈಲಾನ್ ನೂಲು ತೆಗೆಯಲು ಕಾರ್ಖಾನೆ ಕಟ್ಟಿ ಇನ್ನೂರೈವತ್ತು ಡಿಗ್ರಿಗೂ ಹೆಚ್ಚು ಬಿಸಿ ಮಾಡುತ್ತಾನೆ. ಈ ಹುಳು ಹಿಪ್ಪುನೇರಳೆ ಸೊಪ್ಪು ತಿಂದು ಮನೆಯ ಜಗಲಿಯ ಮೇಲೆ ಅದಕ್ಕಿಂತ ಒಳ್ಳೆಯ ನೂಲು ತೆಗೆಯುತ್ತದೆ. ಒಂದೊಂದು ಹೈಡ್ರೋಜನ್ ಬಂಧವೂ ದುರ್ಬಲವೇ. ಸಾವಿರಾರು ಕೂಡಿದಾಗ ಮಾತ್ರ ಬಿಡಿಸಲಾಗದು. ರೇಷ್ಮೆಯ ಈ ಒಳರಚನೆಯನ್ನು ಅಮೆರಿಕದ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು 1955ರಲ್ಲಿ ಬಿಡಿಸಿ ತೋರಿಸಿದರು.

ಗೂಡಿನ ಎಳೆಯಲ್ಲಿ ಎರಡು ಪದಾರ್ಥಗಳಿವೆ. ಒಳಗಿನ ಫೈಬ್ರೊಯಿನ್ ಎಂಬ ತಿರುಳು ಕುದಿವ ನೀರಿಗೂ ಜಗ್ಗದು. ಅದರ ಮೇಲೆ ಹೊದಿಕೆಯಾಗಿರುವ ಸೆರಿಸಿನ್ ಎಂಬ ಅಂಟು ತೂಕದಲ್ಲಿ ಕಾಲುಭಾಗದಷ್ಟಿದ್ದು, ಬಿಸಿ ನೀರಿಗೆ ಸಡಿಲಗೊಳ್ಳುತ್ತದೆ. ಕಾರಣ ಸರಳ. ಸೆರಿಸಿನ್ ಅಣುಗಳಿಗೆ ತಮ್ಮತಮ್ಮಲ್ಲಿರುವಷ್ಟೇ ನೆಂಟಸ್ತಿಕೆ ನೀರಿನೊಂದಿಗೂ ಇದೆ. ಬಿಸಿ ನೀರು ನಡುವೆ ನುಗ್ಗಿದರೆ ಅವು ಕೈಬಿಡುತ್ತವೆ. ಫೈಬ್ರೊಯಿನ್ನಿನ ಸಾಲುಗಳು ಎಷ್ಟು ಒತ್ತಾಗಿವೆಯೆಂದರೆ ನೀರಿಗೆ ನುಗ್ಗಲು ಜಾಗವೇ ಇಲ್ಲ. ಈ ಒಂದು ವ್ಯತ್ಯಾಸ ಇಲ್ಲದಿದ್ದರೆ ರಾಮನಗರದಲ್ಲಿ ಬಿಚ್ಚಾಣಿಕೆಯೆಂಬ ಕಸುಬೇ ಇರುತ್ತಿರಲಿಲ್ಲ. ಅಂಟೂ ತಿರುಳೂ ಒಟ್ಟಿಗೆ ಕರಗಿದ್ದರೆ ಉಳಿಯುತ್ತಿದ್ದುದು ಅಂಬಲಿ. ಎರಡೂ ಕರಗದಿದ್ದರೆ ಗೂಡು ಗೂಡಾಗಿಯೇ ಉಳಿಯುತ್ತಿತ್ತು.

ಬಿಚ್ಚಾಣಿಕೆಯ ಮನೆಗಳಲ್ಲಿ ನಡೆಯುವ ಕೆಲಸವೆಲ್ಲ ಈ ಸೆರಿಸಿನ್ನಿನ ಹದ ಕಾಯುವುದೇ. ಗೂಡು ಕಡಿಮೆ ಬೆಂದರೆ ಎಳೆ ಬಿಚ್ಚದೆ ತುಂಡಾಗುತ್ತದೆ. ಹೆಚ್ಚು ಬೆಂದರೆ ಎಳೆಗಳು ಗೋಜಲಾಗಿ ತ್ಯಾಜ್ಯ ಹೆಚ್ಚುತ್ತದೆ. ಗಡುಸು ನೀರಿನಲ್ಲಿ ಅಂಟು ಸರಿಯಾಗಿ ಸಡಿಲಗೊಳ್ಳದು. ಆದ್ದರಿಂದ ನೂಲಿನ ಗುಣಮಟ್ಟ ಬೋರ್‌ವೆಲ್ಲಿನ ನೀರನ್ನೂ ಅವಲಂಬಿಸುತ್ತದೆ. ಆಮೇಲೆ ತಮಾಷೆ ನೋಡಿ: ಬಿಚ್ಚುವಾಗ ಶತ್ರುವಾಗಿದ್ದ ಅಂಟೇ ಮರುಗಳಿಗೆಯಲ್ಲಿ ಮಿತ್ರನಾಗುತ್ತದೆ. ಒಂದು ಗೂಡಿನ ಎಳೆ ಕೂದಲಿಗಿಂತ ಎಷ್ಟೋ ಸಣ್ಣದು. ಎಂಟು ಹತ್ತು ಗೂಡುಗಳ ಎಳೆಗಳನ್ನು ಸೇರಿಸಿ, ಹೊಸೆದಂತೆ ಮಾಡಿ ನೀರು ಹಿಂಡಿ ರಾಟೆಗೆ ಸುತ್ತುತ್ತಾರೆ. ನೀರು ಆರಿದಂತೆಲ್ಲ ಸೆರಿಸಿನ್ ಮತ್ತೆ ಗಟ್ಟಿಯಾಗಿ ಆ ಎಳೆಗಳನ್ನೆಲ್ಲ ಒಂದೇ ನೂಲಾಗಿ ಕೂಡಿಸುತ್ತದೆ. ಅರಗಿನ ಕಥೆಯೇ ಇಲ್ಲೂ ನಡೆಯಿತು: ಅಂಟಬೇಕಾದರೆ ಮೊದಲು ಕರಗಬೇಕು. ಒಂದು ಕೆ.ಜಿ. ಕಚ್ಚಾ ರೇಷ್ಮೆಗೆ ಆರರಿಂದ ಎಂಟು ಕೆ.ಜಿ. ಗೂಡು ಬೇಕು. ಬೇಯಿಸುವಾಗ ತುಸು ಹೆಚ್ಚುಕಡಿಮೆಯಾದರೂ ರೀಲರನ ಆ ದಿನದ ಲಾಭ ಬಾಣಲೆಯಲ್ಲೇ ಉಳಿದುಹೋಗುತ್ತದೆ.

ಉಜ್ಜಿದ ಬಿಸಿಗೂ ಕುದಿವ ನೀರಿಗೂ ಜಗ್ಗದ ಪದಾರ್ಥವೊಂದು ಇದೇ ಊರಿನ ನೆತ್ತಿಯ ಮೇಲೆ ನಿಂತಿದೆ. ‘ಶೋಲೆ’ ಚಿತ್ರದಿಂದ ದೇಶಕ್ಕೆಲ್ಲ ಪರಿಚಿತವಾದ ಬಂಡೆಗಳವು. ಟಿಪ್ಪುವಿನ ಕಾಲದಲ್ಲಿ ಶಂಷೇರಾಬಾದ್ ಎನಿಸಿಕೊಂಡಿದ್ದ ಈ ಊರಿಗೆ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರಿನಿಂದ ಕ್ಲೋಸ್‌ಪೇಟೆ ಎಂದಾಯಿತು. ಊರು ರಾಮನಗರವಾದರೂ ಭೂವಿಜ್ಞಾನದ ಪುಸ್ತಕಗಳಲ್ಲಿ ಇಲ್ಲಿನ ಕಲ್ಲು ಇಂದಿಗೂ ‘ಕ್ಲೋಸ್‌ಪೇಟ್ ಗ್ರಾನೈಟ್’. (ಹೆಸರು ಬದಲಾಗುವುದು ಈ ಸೀಮೆಗೆ ಹೊಸತಲ್ಲ, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳನ್ನು ಸೇರಿಸಿ 2007ರಲ್ಲಿ ಮಾಡಿದ ರಾಮನಗರ ಜಿಲ್ಲೆಯೂ 2025ರಲ್ಲಿ ಬೆಂಗಳೂರು ದಕ್ಷಿಣವಾಯಿತು.) ಉತ್ತರ ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಉದ್ದ, ಇಪ್ಪತ್ತು ಕಿಲೋಮೀಟರಿನಷ್ಟು ಅಗಲ ಹಬ್ಬಿದ ಈ ಪಟ್ಟಿಗೆ ಮಾಗಡಿಯ ಸಾವನದುರ್ಗವೂ ಸೇರಿದೆ.

ಇದೂ ಒಂದು ಕಾಲಕ್ಕೆ ಪಾಕವೇ ಆಗಿತ್ತು. ಭೂವಿಜ್ಞಾನಿಗಳ ಕನ್ನಡದಲ್ಲಿ ಶಿಲಾಪಾಕ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ, ಹಲವು ಕಿಲೋಮೀಟರ್ ಕೆಳಗೆ ಅದು ನಿಧಾನವಾಗಿ ತಣಿಯಿತು. ಅವಸರವಿಲ್ಲದ್ದರಿಂದ ಪರಮಾಣುಗಳಿಗೆ ಪಂಕ್ತಿಯಲ್ಲಿ ಕೂರಲು ಬೇಕಾದಷ್ಟು ಸಮಯ ಸಿಕ್ಕಿತು. ರಾಮದೇವರ ಬೆಟ್ಟದ ಬಂಡೆಯಲ್ಲಿ ಬೆರಳಿನ ಗೆಣ್ಣಿನಷ್ಟು ದೊಡ್ಡ ಗುಲಾಬಿ ಫೆಲ್ಡ್‌ಸ್ಪಾರ್ ಹರಳುಗಳು ಬರಿಗಣ್ಣಿಗೆ ಕಾಣುವುದು ಅದರಿಂದಲೇ. ಕಲ್ಲುಸಕ್ಕರೆ ಮಾಡುವವರು ಪಾಕವನ್ನು ಅಲುಗಿಸದೆ ದಿನಗಟ್ಟಲೆ ಇಡುವುದೂ ಇದೇ ಲೆಕ್ಕಾಚಾರ. ಆದರೆ ಕಲ್ಲಿನಲ್ಲಿ ಕೆಲಸ ಮಾಡುವುದು ಅರಗಿನಲ್ಲಿರುವ ನೆರೆಹೊರೆಯ ಸೆಳೆತವಲ್ಲ. ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಬಲವಾದ ರಾಸಾಯನಿಕ ಬಂಧದಿಂದ ಬಂಡೆಯ ಉದ್ದಗಲಕ್ಕೂ ಕೈಕೈ ಹಿಡಿದು ನಿಂತಿವೆ. ಅರಗಿಗೆ 80 ಡಿಗ್ರಿ ಸಾಕು. ನೀರಿನಂಶ ಬೆರೆತ ಗ್ರಾನೈಟ್ ಕೂಡ ಕರಗಲಾರಂಭಿಸಲು ಏಳುನೂರು ಡಿಗ್ರಿಯ ಆಸುಪಾಸು ಬೇಕು.

ಹಾಗೆಂದು ಕಲ್ಲುಕುಟಿಗರು ಸೋತವರಲ್ಲ. ಕರಗಿಸಲಾಗದ್ದನ್ನು ಅವರು ಬಿಸಿಯಿಂದಲೇ ಬಿಡಿಸಿದರು. ಬೆಂಗಳೂರಿನ ಸುತ್ತಮುತ್ತ ಹಾಸುಬಂಡೆಯ ಮೇಲೆ ಸೌದೆ ಉರಿಯನ್ನು ನಿಧಾನವಾಗಿ ಸರಿಸುತ್ತ ಹೋಗಿ ಚಪ್ಪಡಿ ಎಬ್ಬಿಸುವ ಪದ್ಧತಿಯಿತ್ತು. 1895ರಲ್ಲಿ ಲಂಡನ್ನಿನ ‘ನೇಚರ್’ ಪತ್ರಿಕೆಯಲ್ಲಿ ಅದರ ವರ್ಣನೆ ಬಂದಿದೆ. ಮೇಲಿನ ಪದರ ಕಾದು ಹಿಗ್ಗುತ್ತದೆ, ಕೆಳಗಿನದು ತಣ್ಣಗೇ ಇರುತ್ತದೆ, ನಡುವೆ ಬಿರುಕು ಹುಟ್ಟುತ್ತದೆ. ಸುತ್ತಿಗೆಯಿಂದ ಬಡಿದು ಸದ್ದು ಕೇಳಿ, ಕಲ್ಲು ಎಲ್ಲಿಯವರೆಗೆ ಬಿಟ್ಟಿದೆ ಎಂದು ಕೆಲಸಗಾರರು ಹೇಳುತ್ತಿದ್ದರು. ಕನಕಪುರದ ಗ್ರಾನೈಟ್ ಇಂದು ಯಂತ್ರದ ಗರಗಸದಲ್ಲಿ ಕೊಯ್ದು ಹೊರದೇಶಗಳಿಗೂ ಹೋಗುತ್ತದೆ. ಕಿವಿಯಿಂದ ಕಲ್ಲನ್ನು ಓದುವ ಆ ವಿದ್ಯೆಗೆ ಅಲ್ಲಿ ಕೆಲಸವಿಲ್ಲ.

ಬುಕಾನನ್ ಬರೆದುಕೊಂಡ ಪಟ್ಟಿಗೂ ಹೀಗೇ ಆಯಿತು. ಚನ್ನಪಟ್ಟಣವೆಂದರೆ ಇಂದು ವೀಣೆಯ ತಂತಿಯೋ ಗಾಜಿನ ಬಳೆಯೋ ಯಾರ ನೆನಪಿಗೂ ಬಾರದು, ಗೊಂಬೆ ಮಾತ್ರ. ಆ ಗೊಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಮಕ್ಕಳು ಬಾಯಿಗಿಟ್ಟುಕೊಳ್ಳುವ ವಸ್ತುವಿಗೆ ಕೀಟದ ಅರಗು, ಅರಿಸಿನದ ಬಣ್ಣ ಎಂಬ ಹೆಗ್ಗಳಿಕೆಯೂ ಇದೆ. ಆದರೆ ಅಗ್ಗದ ಪ್ಲಾಸ್ಟಿಕ್ ಗೊಂಬೆಯ ಪೈಪೋಟಿ ಹಳೆಯದು. ಅದರ ಮೇಲೆ 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ತೆರೆದು ಊರನ್ನು ಬಳಸಿ ಹೋಯಿತು. ಹಳೆಯ ಹೆದ್ದಾರಿಯ ಪಕ್ಕದಲ್ಲಿ ಸಾಲಾಗಿದ್ದ ಗೊಂಬೆ ಅಂಗಡಿಗಳ ಮುಂದೆ ಕಾರು ನಿಲ್ಲಿಸುತ್ತಿದ್ದವರು ಈಗ ನೂರು ಕಿಲೋಮೀಟರ್ ವೇಗದಲ್ಲಿ ಪಕ್ಕದಲ್ಲೇ ಹಾದುಹೋಗುತ್ತಾರೆ. ವ್ಯಾಪಾರ ಬಿದ್ದುಹೋಯಿತೆಂಬ ಅಂಗಡಿಯವರ ಅಳಲು ಆಗಿನಿಂದ ಪತ್ರಿಕೆಗಳಲ್ಲಿ ಬರುತ್ತಲೇ ಇದೆ.

ಇಳಿದು ಕೊಳ್ಳುವವರಿಗೆ ಒಂದು ಮಾತು. ಮರದ ಗೊಂಬೆಗಳಿಗೆ ಅರಗಿನ ಬದಲು ಎನಾಮೆಲ್ ಬಣ್ಣ ಬಳಿದು ಮಾರುವುದೂ ಉಂಟು. ಕಣ್ಣಿಗೆ ವ್ಯತ್ಯಾಸ ಸುಲಭವಾಗಿ ತಿಳಿಯದು. ಅರಗು ನೀರಿಗೆ ಕರಗುವುದಿಲ್ಲ, ಸ್ಪಿರಿಟ್ಟಿಗೆ ಕರಗುತ್ತದೆ, ಏಕೆಂದರೆ ಮದ್ಯಸಾರದ ಅಣುಗಳೊಂದಿಗೆ ಅದಕ್ಕೆ ಒಳ್ಳೆಯ ನೆಂಟಸ್ತಿಕೆ. ಔಷಧದಂಗಡಿಯ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ಗೊಂಬೆಯ ತಳದಲ್ಲಿ, ಯಾರಿಗೂ ಕಾಣದ ಕಡೆ, ತುಸು ಹೊತ್ತು ಒತ್ತಿ ಉಜ್ಜಿ. ಅರಗಾದರೆ ಹತ್ತಿಗೆ ಬಣ್ಣ ಹತ್ತುತ್ತದೆ, ಬೆರಳಿಗೆ ಅಂಟಂಟಾಗುತ್ತದೆ. ಚೆನ್ನಾಗಿ ಒಣಗಿದ ಎನಾಮೆಲ್ ಅಷ್ಟು ಸುಲಭಕ್ಕೆ ಕದಲುವುದಿಲ್ಲ. ಅಂಗಡಿಯವರ ಎದುರಿಗೆ ಮಾತ್ರ ಈ ಪರೀಕ್ಷೆ ಬೇಡ. ಮನೆಗೆ ಬಂದು ಮಾಡಿ.